ಮುದ್ರೆ ಯಾರ ಮೇಲೆ?

ಮಣ್ಣಿನ ಮುದ್ರೆ ಯಾವ ಕಳ್ಳನನ್ನೂ ತಡೆಯುವುದಿಲ್ಲ. ಒಣಗಿ ಗಟ್ಟಿಯಾದ ಮೇಲೂ ಉಗುರಿನಿಂದ ಕೆದಕಿದರೆ ಉದುರುವ ವಸ್ತು ಅದು. ಆದರೂ ಐದೂವರೆ ಸಾವಿರ ವರ್ಷಗಳ ಹಿಂದೆ, ಇಂದಿನ ಇರಾಕಿನ ದಕ್ಷಿಣದಲ್ಲಿ ಉರುಕ್ ಎಂಬ ಊರು ನಗರವಾಗಿ ಬೆಳೆಯುತ್ತಿದ್ದಾಗ, ಸುಮೇರಿಯನ್ನರು ತಮ್ಮ ಗುಡಿಗಳ ಉಗ್ರಾಣವನ್ನು ನಂಬಿ ಒಪ್ಪಿಸಿದ್ದು ಇದೇ ಮಣ್ಣಿಗೆ. ಗಡಿಗೆಯ ಬಾಯಿಗೆ ಬಟ್ಟೆ ಬಿಗಿದು, ಹುರಿ ಸುತ್ತಿ, ಗಂಟಿನ ಮೇಲೆ ಒಂದು ಹಿಡಿ ಹಸಿ ಮಣ್ಣು ಮೆತ್ತಿ, ಚಿತ್ರ ಕೆತ್ತಿದ ಸಣ್ಣ ಕಲ್ಲಿನ ಉರುಳೆಯನ್ನು ಅದರ ಮೇಲೆ ಹೊರಳಿಸುತ್ತಿದ್ದರು. ದನದ ಸಾಲು, ಗುಡಿಯ ಮುಂಬಾಗಿಲು, ಕೈಕಟ್ಟಿದ ಸೆರೆಯಾಳುಗಳು, ಹೀಗೆ ಏನೋ ಒಂದು ಮೂಡುತ್ತಿತ್ತು. ಬಂದೋಬಸ್ತು ಅಷ್ಟೇ.

ತಡೆಯಲಾರದ್ದನ್ನು ಯಾಕೆ ಹಚ್ಚುತ್ತಿದ್ದರು ಎಂದು ಕೇಳಿಕೊಂಡರೆ, ನಾವು ಕಳ್ಳನ ಕಡೆಯಿಂದ ಯೋಚಿಸುತ್ತಿದ್ದೇವೆ ಎಂಬುದು ಗೊತ್ತಾಗುತ್ತದೆ. ಕಳ್ಳನಿಗೆ ಬೀಗ ಬೇಕು, ನಾಯಿ ಬೇಕು. ಮುದ್ರೆ ಬೇಕಾಗುವುದು ಒಳಗಿನವನಿಗೆ, ಬಾಗಿಲು ತೆರೆಯುವ ಹಕ್ಕು ಇರುವವನಿಗೆ.

ಇದು ಊಹೆಯ ಮಾತಲ್ಲ. ಎನ್ರಿಕಾ ಫಿಯಾಂದ್ರಾ ಎಂಬ ಇಟಲಿಯ ವಿದ್ವಾಂಸೆ ಕ್ರೀಟ್ ದ್ವೀಪದ ಫೈಸ್ಟೋಸ್‌ನಲ್ಲಿ ಸಿಕ್ಕಿದ್ದ ಮುದ್ರೆಮಣ್ಣಿನ ಚೂರುಗಳನ್ನು 1960ರ ದಶಕದಲ್ಲಿ ಕೈಗೆತ್ತಿಕೊಂಡರು. ಅದುವರೆಗೂ ಎಲ್ಲರೂ ಚೂರಿನ ಮುಂಭಾಗ ನೋಡುತ್ತಿದ್ದರು, ಚಿತ್ರ ಚೆಂದವೇ, ಶೈಲಿ ಯಾವ ಕಾಲದ್ದು ಎಂದು. ಆಕೆ ಚೂರನ್ನು ಮಗುಚಿ ಬೆನ್ನು ನೋಡಿದರು. ಬೆನ್ನಿನಲ್ಲಿ ಮರದ ಗೂಟದ ಗುರುತು, ಅದಕ್ಕೆ ಸುತ್ತಿದ ಹಗ್ಗದ ಎಳೆ ಎಳೆಯ ಅಚ್ಚು. ದೂರದಿಂದ ಬಂದ ಮೂಟೆಗೆ ಅಂಟಿಸಿದ ಮಣ್ಣು ಎಂದುಕೊಂಡಿದ್ದ ಎಷ್ಟೋ ಚೂರುಗಳು ಅಲ್ಲೇ ಇದ್ದ ಕೋಣೆಯ ಬಾಗಿಲಿನವು. ಮುಂದೆ ಯೂಫ್ರೆಟಿಸ್ ನದಿಯ ಮೇಲ್ದಂಡೆಯ ಸೀಮೆಯಲ್ಲಿ, ಇಂದಿನ ತುರ್ಕಿಯ ಅರ್ಸ್ಲಾನ್‌ತೆಪೆ ಎಂಬ ದಿಬ್ಬದಲ್ಲಿ, ಉರುಕ್ ಕಾಲದ ಕೊನೆಗೆ ಸೇರಿದ ಎರಡು ಸಾವಿರಕ್ಕೂ ಮಿಕ್ಕಿದ ಇಂಥ ಚೂರುಗಳು ಸಿಕ್ಕವು. ಅವು ಸುಮ್ಮನೆ ಚೆಲ್ಲಿ ಹೋದ ಕಸವಾಗಿರಲಿಲ್ಲ. ಬಾಗಿಲು ತೆರೆದಾಗ ಒಡೆದ ಮುದ್ರೆಯನ್ನು ಎತ್ತಿಡುತ್ತಿದ್ದರು, ಲೆಕ್ಕ ಮುಗಿದ ಮೇಲೆ ಗುಂಪಾಗಿ ತಿಪ್ಪೆಗೆ ಹಾಕುತ್ತಿದ್ದರು. ಯಾರು, ಯಾವ ಬಾಗಿಲನ್ನು, ಎಷ್ಟು ಸಲ ತೆರೆದರು ಎಂಬುದು ಆ ಚೂರುಗಳನ್ನು ಎಣಿಸಿದರೆ ಸಿಗುತ್ತಿತ್ತು. ಅಕ್ಷರ ಇನ್ನೂ ಬಾರದ ಊರಿನ ಲೆಕ್ಕಪುಸ್ತಕ ಅದು.

ಹಾಗಾದರೆ ಮುದ್ರೆ ಬಿದ್ದದ್ದು ಸರಕಿನ ಮೇಲಲ್ಲ, ಉಗ್ರಾಣದವನ ಮೇಲೆ. ಇಷ್ಟು ಸಣ್ಣ ಮಾತು ನನ್ನನ್ನು ಬಹಳ ಹಿಡಿದು ನಿಲ್ಲಿಸಿದೆ. ನಾವು ಅಧಿಕಾರ ಎಂದರೆ ಮುದ್ರೆ ಒತ್ತುವ ಕೈ ಎಂದು ತಿಳಿದವರು. ಆ ಕಾಲದಲ್ಲಿ ಮುದ್ರೆ ಒತ್ತಿದವನೇ ಸಿಕ್ಕಿಹಾಕಿಕೊಳ್ಳುತ್ತಿದ್ದ. ಒತ್ತಿದ ಗಳಿಗೆಯಿಂದ ಆ ಕೋಣೆಗೆ ಅವನು ಜವಾಬು.

ನಮ್ಮ ಕಡೆ ಇದಕ್ಕೆ ಹತ್ತಿರದ ಬಂಧು ಹಗೇವು. ಚಿತ್ತಾಪುರ, ಸೇಡಂ ಸೀಮೆಯ ಹಳೆಯ ಮನೆಗಳ ಅಂಗಳದಲ್ಲೋ ಊರ ಬಯಲಲ್ಲೋ ನೆಲ ಅಗೆದು, ಬಾಯಿ ಕಿರಿದು ಹೊಟ್ಟೆ ಹಿರಿದು ಮಾಡಿ, ಒಳಗೆ ಹುಲ್ಲು ಹೊಟ್ಟು ಹಾಸಿ ಜೋಳ ತುಂಬುತ್ತಿದ್ದರು. ಬಾಯಿಗೆ ಒಂದು ಫರ್ಸಿ. ಶಹಾಬಾದ ಸೀಮೆಯಲ್ಲಿ ಕಲ್ಲಿಗೆ ಬರವೇ? ಅದರ ಮೇಲೆ ಮಣ್ಣು. ಗಾಳಿ ಹೋಗದ ಹಾಗೆ ಮೆತ್ತಿದ ಆ ಮಣ್ಣು ಕಾಳನ್ನು ಹುಳದಿಂದ ಕಾಯುತ್ತಿತ್ತು ಎಂಬುದು ಕೃಷಿಯ ಮಾತು. ಅದರ ಇನ್ನೊಂದು ಕೆಲಸ ಓಣಿಗೆಲ್ಲ ಕಾಣುತ್ತಿತ್ತು. ಹಗೇವು ತೆಗೆಯುವುದು ಗುಟ್ಟಿನಲ್ಲಿ ಆಗುವ ಕೆಲಸವೇ ಅಲ್ಲ. ಮಣ್ಣು ಕೆತ್ತಿ, ಕಲ್ಲು ಸರಿಸಿ, ಒಳಗಿನ ಕೆಟ್ಟ ಗಾಳಿ ಹೋಗುವ ತನಕ ಕಾದು, ದೀಪ ಇಳಿಸಿ ನೋಡಿ, ದೀಪ ಆರದಿದ್ದರೆ ಮಾತ್ರ ಆಳು ಇಳಿಯಬೇಕು. ಮತ್ತೆ ಮೆತ್ತಿದರೆ ಹಸಿ ಮಣ್ಣಿನ ಬಣ್ಣ ಕೆಲವು ದಿನ ಬೇರೆಯೇ ಇರುತ್ತದೆ. ಮನೆಯ ಹಿರಿಯ ಯಾವಾಗ ಕಾಳು ತೆಗೆದ, ಬರದ ವರ್ಷದಲ್ಲಿ ತೆಗೆಯದೆ ಯಾಕೆ ಕೂತ ಎಂಬುದಕ್ಕೆ ಓಣಿಯೇ ಸಾಕ್ಷಿ. ಅಲ್ಲಿ ಒತ್ತಲು ಉರುಳೆ ಇರಲಿಲ್ಲ, ಬೇಕೂ ಇರಲಿಲ್ಲ. ಒಬ್ಬರ ಮುಖ ಒಬ್ಬರಿಗೆ ಗೊತ್ತಿರುವ ತನಕ ಬರೀ ಮಣ್ಣು ಸಾಕು.

ಮುಖ ಗೊತ್ತಿಲ್ಲದವರು ಒಂದೇ ಉಗ್ರಾಣದಿಂದ ಉಣ್ಣತೊಡಗಿದಾಗ ಚಿತ್ರ ಕೆತ್ತಿದ ಕಲ್ಲು ಬೇಕಾಗುತ್ತದೆ. ಉರುಕ್‌ನಲ್ಲಿ ಆದದ್ದು ಅದು. ಗುಡಿಗೂ ಅರಮನೆಗೂ ದುಡಿಯುವ ಸಾವಿರಾರು ಜನ, ಅವರಿಗೆ ಅಳೆದು ಕೊಡುವ ಬಾರ್ಲಿ. ಮುಂದೆ ಕ್ರಿ.ಪೂ. 21ನೇ ಶತಮಾನದ ಉರ್ ಅರಸರ ಕಾಲಕ್ಕೆ ಈ ಲೆಕ್ಕ ಎಷ್ಟು ಪಕ್ಕಾ ಆಯಿತೆಂದರೆ, ಗಂಡಾಳಿಗೆ ತಿಂಗಳಿಗೆ 60 ಸಿಲಾ, ಹೆಣ್ಣಾಳಿಗೆ 30 ಸಿಲಾ ಎಂಬುದು ಸಾಮಾನ್ಯ ಪಡಿ. ಒಂದು ಸಿಲಾ ಎಂದರೆ ಹೆಚ್ಚುಕಡಿಮೆ ಒಂದು ಲೀಟರ್. ಹೆಣ್ಣಿನ ಅರ್ಧ ಕೂಲಿ ಅಷ್ಟು ಹಳೆಯದು! ಸುಮೇರಿಯನ್ನರ ಒಂದು ಮಣ್ಣಿನ ಹಲಗೆಯ ಬರಹದಲ್ಲಿ ವ್ಯಾಪಾರಿಯೊಬ್ಬನ ಮುದ್ರೆ ಕಳೆದುಹೋದ ಪ್ರಸಂಗವಿದೆ. ಕೊಂಬೂದುವವನು ಬೀದಿ ಬೀದಿಯಲ್ಲಿ ಡಂಗುರ ಸಾರುತ್ತಾನೆ, ಇನ್ನು ಮೇಲೆ ಆ ಮುದ್ರೆ ತೋರಿಸಿ ಯಾರೂ ಅವನ ಮೇಲೆ ಏನನ್ನೂ ಕೇಳುವಂತಿಲ್ಲ ಎಂದು. ಕಲ್ಲಿನ ಚೂರೊಂದು ಮನುಷ್ಯನ ಬದಲಿಗೆ ನಿಲ್ಲತೊಡಗಿದರೆ, ಅದು ಕಳೆದಾಗ ಮನುಷ್ಯ ತಾನೇ ತಾನೆಂದು ಊರೆಲ್ಲ ಕೂಗಿಸಬೇಕಾಗುತ್ತದೆ.

ಇದೇ ಬಗೆಯ ಮಣ್ಣು ನಮ್ಮ ದೇಶದಲ್ಲೂ ಸಿಕ್ಕಿದೆ. ಅದನ್ನು ಅಗೆದು ತೆಗೆದವರು ನಮ್ಮವರೇ, ಶಿಕಾರಿಪುರ ರಂಗನಾಥ ರಾವ್. 1955ರಿಂದ ಗುಜರಾತಿನ ಲೋಥಲ್‌ನಲ್ಲಿ ಅವರು ನಡೆಸಿದ ಉತ್ಖನನದಲ್ಲಿ ಹರಪ್ಪ ಕಾಲದ ಒಂದು ಉಗ್ರಾಣ ಕಂಡಿತು. ಬೆಂಕಿ ಬಿದ್ದು ಸುಟ್ಟ ಕಟ್ಟಡ. ಸುಟ್ಟದ್ದರಿಂದಲೇ ಒಳಗಿನ 65ರಷ್ಟು ಮಣ್ಣಿನ ಮುದ್ರೆಗಳು ಬೆಂದು ಉಳಿದವು. ಅವುಗಳ ಬೆನ್ನಲ್ಲೂ ಜೊಂಡು, ಚಾಪೆ, ನೇಯ್ದ ಬಟ್ಟೆ, ಹುರಿಯ ಅಚ್ಚು. ಮುಂಭಾಗದ ಲಿಪಿಯನ್ನು ಇವತ್ತಿಗೂ ಎಲ್ಲರೂ ಒಪ್ಪುವಂತೆ ಓದಲಾಗಿಲ್ಲ. ಬೆನ್ನಿನ ಗಂಟನ್ನು ಮೂಟೆ ಕಟ್ಟಿ ಗೊತ್ತಿರುವ ಯಾವ ಹಮಾಲನೂ ಓದಬಲ್ಲ.

ಈಗ ಮುದ್ರೆಯ ಒಳಗಿನ ತೊಡಕಿಗೆ ಬರೋಣ. ಮುದ್ರೆ ಇರುವುದು ಒಳಗಿನದನ್ನು ಯಾರೂ ಮುಟ್ಟಿಲ್ಲ ಎಂದು ಹೇಳಲು. ಒಳಗೆ ಏನಿದೆ ಎಂದು ನೋಡಬೇಕಾದರೆ ಅದನ್ನು ಒಡೆಯಬೇಕು. ಒಡೆದರೆ ಸಾಕ್ಷಿಯೂ ಹೋಯಿತು. ಉರುಕ್ ಕಾಲದಲ್ಲಿ ಮಣ್ಣಿನ ಟೊಳ್ಳು ಉಂಡೆಗಳಿದ್ದವು. ಒಳಗೆ ಕುರಿಗೆ ಒಂದು ಆಕಾರ, ಎಣ್ಣೆಗೆ ಒಂದು ಆಕಾರ ಎಂಬಂತೆ ಸಣ್ಣ ಮಣ್ಣಿನ ಬಿಲ್ಲೆಗಳನ್ನು ಹಾಕಿ, ಹೊರಮೈಗೆಲ್ಲ ಮುದ್ರೆ ಹೊರಳಿಸುತ್ತಿದ್ದರು. ಲೆಕ್ಕದಲ್ಲಿ ಜಗಳ ಬಂದರೆ ಉಂಡೆ ಒಡೆದು ಎಣಿಸುವುದು. ಒಡೆಯದೆಯೇ ಗೊತ್ತಾಗಲಿ ಎಂದು, ಒಳಗೆ ಹಾಕುವ ಮೊದಲು ಆ ಬಿಲ್ಲೆಗಳನ್ನು ಹೊರಮೈಗೂ ಒಮ್ಮೆ ಒತ್ತತೊಡಗಿದರು. ಹೊರಗೇ ಕಾಣುವಾಗ ಒಳಗೇಕೆ ಎಂದು ಬಿಲ್ಲೆಗಳನ್ನು ಬಿಟ್ಟರು. ಉಂಡೆ ಚಪ್ಪಟೆಯಾಗಿ ಹಲಗೆಯಾಯಿತು. ಬರವಣಿಗೆ ಹುಟ್ಟಿದ್ದು ಹೀಗೆ ಎಂದು ಡೆನಿಸ್ ಶ್ಮಾಂಟ್-ಬೆಸೆರಾ ಎಂಬ ವಿದ್ವಾಂಸೆ ವಾದಿಸಿದರು. ಎಲ್ಲ ಚಿಹ್ನೆಗಳೂ ಬಿಲ್ಲೆಗಳಿಂದಲೇ ಬಂದವು ಎಂಬುದನ್ನು ಎಲ್ಲರೂ ಒಪ್ಪಿಲ್ಲ. ಸಂಖ್ಯೆಗಳ ಗುರುತಿನ ಮಟ್ಟಿಗೆ ವಾದ ಗಟ್ಟಿಯಾಗಿಯೇ ನಿಂತಿದೆ. ಕಾವ್ಯ, ದೇವರ ಸ್ತುತಿ, ಅರಸನ ಹೊಗಳಿಕೆ ಎಲ್ಲ ಆಮೇಲಿನವು. ಮೊದಲು ಬಂದದ್ದು, ಸಾಕ್ಷಿಯನ್ನು ಕೊಲ್ಲದೆ ಸಾಕ್ಷಿ ಕೇಳುವ ಉಪಾಯ.

ಆದರೆ ಆ ಬದಲಾವಣೆಯಲ್ಲಿ ಯಾರು ಏನನ್ನು ಕಳೆದುಕೊಂಡರು ಎಂಬುದನ್ನು ಅಷ್ಟಾಗಿ ಯಾರೂ ಕೇಳುವುದಿಲ್ಲ. ಉಂಡೆಯನ್ನು ಕುರುಬನೂ ಒಡೆದು ಎಣಿಸಬಲ್ಲ. ಹಲಗೆಯನ್ನು ಓದಲು ಓದು ಬಲ್ಲವನೇ ಬೇಕು. ನಮ್ಮ ಸೀಮೆಗೆ ಈ ನಷ್ಟ ಹೊಸದಲ್ಲ. ಪಾಲಿನ ಪದ್ಧತಿ ಇದ್ದಾಗ, ಸರ್ಕಾರದ ಪಾಲು ಅಳೆದು ತೆಗೆಯುವ ತನಕ ಕಣದ ರಾಶಿಗೆ ಮಣ್ಣಿನದೋ ಬೂದಿಯದೋ ಗುರುತು ಹಾಕಿ ಮರದ ಮುದ್ರೆ ಒತ್ತುವ ರೂಢಿ ಭಾರತದ ಹಲವು ಕಡೆ ಇತ್ತು. ಅಲ್ಲಿ ಸರ್ಕಾರದ ಅನುಮಾನ ರೈತನ ಮೇಲೆ, ನಿಜ. ಆದರೆ ರಾಶಿ ಕಣ್ಣೆದುರಿತ್ತು, ಗುರುತು ಕಣ್ಣೆದುರಿತ್ತು, ಅಳೆಯುವ ಸೇರನ್ನು ಎಲ್ಲರೂ ಎಣಿಸಬಹುದಿತ್ತು. ದಿವಾನ ಒಂದನೆಯ ಸಾಲಾರ್ ಜಂಗ್ 1860ರ ದಶಕದಲ್ಲಿ ಹೈದರಾಬಾದ್ ಸಂಸ್ಥಾನದ ಕಂದಾಯವನ್ನು ಜಿಲ್ಲಾವಾರು ಕಟ್ಟಿ, ಪಾಲಿನ ಬದಲು ನಗದನ್ನು ತಂದಾಗ ದೋಚುವ ಗುತ್ತಿಗೆದಾರರು ಕಡಿಮೆಯಾದರು ಎನ್ನುತ್ತಾರೆ. ಒಪ್ಪೋಣ. ಲೆಕ್ಕ ಮಾತ್ರ ಕಣದಿಂದ ಎದ್ದು ಕಾಗದಕ್ಕೆ ಹೋಯಿತು. ಆ ಕಾಗದದ ಭಾಷೆ ಮೊದಲು ಪಾರಸಿ, 1880ರ ದಶಕದಿಂದ ಉರ್ದು. ಕನ್ನಡ ಬಿತ್ತಿ ಕನ್ನಡ ಬೆಳೆಯುವ ಚಿಂಚೋಳಿಯ ರೈತನಿಗೆ ತನ್ನ ಹೊಲದ ಲೆಕ್ಕ ಪಟ್ವಾರಿ ಬಾಯಿಬಿಟ್ಟು ಹೇಳಿದಷ್ಟೇ.

ಚಿತ್ತಾಪುರ ತಾಲ್ಲೂಕಿನಲ್ಲೇ, ಭೀಮಾ ದಂಡೆಯ ಸನ್ನತಿಯಲ್ಲಿ, ಇದಕ್ಕೆ ಎದುರುಮುಖವಾದ ಒಂದು ಕಲ್ಲು ಸಿಕ್ಕಿದೆ. ಚಂದ್ರಲಾಂಬಾ ಗುಡಿಯ ಆವರಣದ ಕಾಳಿ ಗುಡಿ 1980ರ ದಶಕದಲ್ಲಿ ಕುಸಿದಾಗ, ಮೂರ್ತಿಗೆ ಪೀಠವಾಗಿದ್ದ ಚಪ್ಪಡಿ ಅಶೋಕನ ಶಾಸನವೆಂದು ಗೊತ್ತಾಯಿತು. ಅದರ ಒಂದು ಮುಖದಲ್ಲಿರುವುದು ಪ್ರತ್ಯೇಕ ಶಾಸನಗಳೆಂದು ಕರೆಯುವ ಎರಡು ಆಜ್ಞೆಗಳು. ಅಶೋಕನ ಉಳಿದ ಮಾತುಗಳಲ್ಲಿ ಹೆಚ್ಚಿನವು ಪ್ರಜೆಗಳಿಗೆ, ಇವು ಅಧಿಕಾರಿಗಳಿಗೆ. ಕಳಿಂಗದ ಧೌಲಿ, ಜೌಗಡಗಳಲ್ಲಿ ಹೆಚ್ಚು ಪೂರ್ತಿಯಾಗಿ ಉಳಿದಿರುವ ಇದೇ ಆಜ್ಞೆಗಳಿಂದ ಇವುಗಳ ಒಟ್ಟು ಮಾತು ತಿಳಿಯುತ್ತದೆ: ಅಸೂಯೆ ಬೇಡ, ಸಿಟ್ಟು ಬೇಡ, ಅವಸರ ಬೇಡ, ಆಲಸ್ಯ ಬೇಡ, ಕಾರಣವಿಲ್ಲದೆ ಯಾರನ್ನೂ ಕಟ್ಟಿಹಾಕಬೇಡಿ. ತಿಷ್ಯ ನಕ್ಷತ್ರದ ದಿನ ಇದನ್ನು ಓದಿ ಹೇಳಬೇಕು, ಕೇಳಲು ಒಬ್ಬನೇ ಇದ್ದರೂ ಸರಿ. ಅಧಿಕಾರಿಗೆ ಬರೆದ ಓಲೆಯನ್ನು ಕಟ್ಟಿ ಮುದ್ರೆ ಹಾಕಿ ಕಳಿಸುವುದು ಯಾವ ಅರಸನೂ ಮಾಡುವ ಕೆಲಸ. ಈತ ಅದನ್ನು ಕಲ್ಲಿಗೆ ಹಾಕಿ, ಓದು ಬಾರದವನ ಕಿವಿಗೂ ಬೀಳಲಿ ಎಂದ. ಕೊನೆಗೆ ಆ ಅಕ್ಷರ ಯಾರಿಗೂ ಬಾರದಂತಾಗಿ, ಕಲ್ಲು ದೇವಿಯ ಕಾಲಡಿ ಸೇರಿತು. ಅದಕ್ಕೆ ಅಶೋಕನನ್ನು ದೂರಲಾಗದು.

ಅವನ ತಾತನ ಮಂತ್ರಿಯ ಹೆಸರಿನಲ್ಲಿರುವ ಅರ್ಥಶಾಸ್ತ್ರಕ್ಕೆ ಇಂಥ ಭೋಳೆತನವಿಲ್ಲ. ಸುಂಕದ ಕಟ್ಟೆಗೆ ಮುದ್ರೆಯಿಲ್ಲದೆ ಬಂದ ಸರಕಿಗೆ ಎರಡು ಪಟ್ಟು, ಖೋಟಾ ಮುದ್ರೆಗೆ ಸುಂಕದ ಎಂಟು ಪಟ್ಟು ದಂಡ. ರಹದಾರಿ ಕೊಡಲು ಮುದ್ರಾಧ್ಯಕ್ಷನೆಂಬ ಅಧಿಕಾರಿಯೇ ಬೇರೆ. ಇಲ್ಲಿ ಮುದ್ರೆ ಉಗ್ರಾಣದವನನ್ನು ಬಿಟ್ಟು ಹಾದಿಹೋಕನ ಹೆಗಲೇರಿದೆ.

ಸೇಡಂ ತಾಲ್ಲೂಕಿನ ಮಳಖೇಡಕ್ಕೆ ಹೋದರೆ ಇನ್ನೊಂದು ಬಗೆ. ಕಾಗಿಣಾ ದಂಡೆಯ ಈ ಊರು ಮಾನ್ಯಖೇಟವಾಗಿದ್ದಾಗ, ಅಮೋಘವರ್ಷ ನೃಪತುಂಗನೂ ಅವನ ಮನೆತನದವರೂ ಕೊಟ್ಟ ದಾನಗಳು ತಾಮ್ರದ ಹಲಗೆಗಳ ಮೇಲೆ ಹೋಗುತ್ತಿದ್ದವು. ಹಲಗೆಗಳ ಅಂಚಿಗೆ ತೂತು, ತೂತಿನಲ್ಲಿ ಒಂದು ಬಳೆ, ಬಳೆಯ ಎರಡು ತುದಿ ಕೂಡುವಲ್ಲಿ ಗರುಡ ಮುದ್ರೆಯ ಬೆಸುಗೆ. ಮುದ್ರೆ ಕೀಳದೆ ನಡುವಿನ ಒಂದು ಹಲಗೆ ತೆಗೆಯಲೂ ಆಗದು, ಸೇರಿಸಲೂ ಆಗದು. ಆದರೆ ಅಕ್ಷರಗಳನ್ನು ಬಳೆ ಕಳಚದೆಯೇ ಹಲಗೆ ಮಗುಚಿ ಮಗುಚಿ ಓದಬಹುದು. ಮಣ್ಣಿನ ಉಂಡೆಯ ತೊಡಕನ್ನು ಅಕ್ಕಸಾಲಿ ಬಿಡಿಸಿದ್ದ. ಆ ಬುದ್ಧಿವಂತಿಕೆಯೂ 972ರಲ್ಲಿ ಪರಮಾರರ ಸೀಯಕ ಬಂದು ಮಾನ್ಯಖೇಟವನ್ನು ಸೂರೆ ಮಾಡಿದಾಗ ಯಾವ ಉಪಯೋಗಕ್ಕೂ ಬರಲಿಲ್ಲ. ದಂಡೆತ್ತಿ ಬಂದವನಿಗೆ ಗರುಡನಾದರೇನು, ಮಣ್ಣಾದರೇನು.

ಪಕ್ಕದ ಕಲ್ಯಾಣದ ಕಥೆಯನ್ನು ಇಲ್ಲಿ ನೆನೆಯದಿರಲಾರೆ. ಬಿಜ್ಜಳನ ಭಂಡಾರಿಯಾಗಿದ್ದ ಬಸವಣ್ಣ ಅರಸನ ಹೊನ್ನನ್ನು ಜಂಗಮರಿಗೆ ಸುರಿಯುತ್ತಿದ್ದಾನೆ ಎಂದು ದೂರು ಹೋಯಿತು, ಭಂಡಾರ ತೆರೆದು ಎಣಿಸಿದರೆ ಒಂದು ಹೊನ್ನೂ ಕಡಿಮೆ ಇರಲಿಲ್ಲ ಎನ್ನುತ್ತವೆ ಪುರಾಣಗಳು. ಭಕ್ತರಿಗೆ ಅದು ಪವಾಡ. ನನಗೆ ಅದರಲ್ಲಿ ಬೇರೆಯೇ ಒಂದು ಮಾತು ಚುಚ್ಚುತ್ತದೆ: ಅಂಥ ಬಸವಣ್ಣನ ಮಾತೂ ಸಾಲಲಿಲ್ಲ, ಬಾಗಿಲು ತೆರೆದು ಎಣಿಸಲೇಬೇಕಾಯಿತು. ಆತ ಎಣಿಸಲು ಬಿಟ್ಟ ಎಂಬುದನ್ನು ನಾವು ಪವಾಡದ ಸಡಗರದಲ್ಲಿ ಮರೆಯುತ್ತೇವೆ. ಎಣಿಕೆಯನ್ನು ಅವಮಾನ ಎಂದುಕೊಳ್ಳುವ ಉಗ್ರಾಣಿಕರು ಇಂದು ಪ್ರತಿ ಕಚೇರಿಯಲ್ಲೂ ಇದ್ದಾರೆ.

ವಾಡಿ ಜಂಕ್ಷನ್ನಿನಲ್ಲಿ ಮುದ್ರೆ ಇನ್ನೂ ಬದುಕಿದೆ. ಮುಂಬಯಿಯಿಂದ ರಾಯಚೂರಿನ ಕಡೆಗೆ ಇಳಿಯುವ ಹಳಿಗೆ, 1874ರಲ್ಲಿ ಸಿಕಂದರಾಬಾದಿನಿಂದ ಬಂದ ನಿಜಾಮರ ಹಳಿ ಇಲ್ಲಿ ಕೂಡಿತು. ಈಗ ಇದು ಸಿಮೆಂಟಿನ ಊರು. ಮುಚ್ಚಿದ ಗೂಡ್ಸ್ ಡಬ್ಬಿಗೆ ಸರಕು ತುಂಬಿ, ಬಾಗಿಲ ಕೊಂಡಿಗೆ ತಂತಿ ಹೊಸೆದು ಸೀಲು ಹಾಕುತ್ತಾರೆ. ಹಿಂದೆ ಸೀಸದ ಬಿಲ್ಲೆಯನ್ನು ಇಕ್ಕಳದಲ್ಲಿ ಅದುಮುತ್ತಿದ್ದರು. ರೈಲಿನವರು ತಾವೇ ಎಣಿಸಿಕೊಳ್ಳದ ಸರಕಿಗೆ ಕೊಡುವ ರಸೀದಿಯಲ್ಲಿ, ಒಳಗೆ ಇಷ್ಟಿದೆ ಎಂದು ಬರೆಯುವುದಿಲ್ಲ, ಇಷ್ಟಿದೆ ಎಂದು ಕಳಿಸಿದವನು ಹೇಳಿದ್ದಾನೆ ಎಂಬರ್ಥದ ಮಾತು ಬರೆಯುತ್ತಾರೆ. ಎಂಥ ಪ್ರಾಮಾಣಿಕ ವಾಕ್ಯ! ಸೀಲು ಸರಕಿನ ಬಗ್ಗೆ ಏನನ್ನೂ ಹೇಳುವುದಿಲ್ಲ. ಹಾಕಿದ ಗಳಿಗೆಯಿಂದ ತೆಗೆದ ಗಳಿಗೆಯ ತನಕ ಈ ಬಾಗಿಲು ತೆರೆದಿಲ್ಲ ಎಂಬಷ್ಟೇ ಅದರ ಸಾಕ್ಷಿ. ತುಂಬುವಾಗಲೇ ಕಡಿಮೆ ತುಂಬಿದ್ದರೆ, ಆ ಕಡಿಮೆಯನ್ನೇ ಅದು ನಿಷ್ಠೆಯಿಂದ ಕಾಯ್ದು ಮುಟ್ಟಿಸುತ್ತದೆ. ಸುಮೇರಿನ ಮಣ್ಣೂ ಅಷ್ಟೇ. ಬಾರ್ಲಿ ಅಳೆದವನ ಸಿಲಾ ಚಿಕ್ಕದಾಗಿದ್ದರೆ ಮುದ್ರೆ ಏನು ಮಾಡೀತು? ಒಳಗೆ ಬಂದ ಅನ್ಯಾಯಕ್ಕೂ ಹೊರಗಿನವರು ಕೈಹಾಕದ ಹಾಗೆ ಕಾವಲು ಕೊಡುವುದು ಮುದ್ರೆಯ ಹುಟ್ಟುಗುಣ.

ಹೀಗೆ ಸಾವಿರಾರು ವರ್ಷ ಮುದ್ರೆ ಕೊಡುವವನ ಕೈಯಲ್ಲಿತ್ತು. ಈಗ ದಿಕ್ಕು ತಿರುಗಿದೆ. ನ್ಯಾಯಬೆಲೆ ಅಂಗಡಿಯಲ್ಲಿ ಮುದ್ರೆ ಒತ್ತುವವರು ಅಕ್ಕಿ ಕೊಡುವವರಲ್ಲ, ತೆಗೆದುಕೊಳ್ಳುವವರು. ಒತ್ತುವುದು ಕಲ್ಲನ್ನಲ್ಲ, ಹೆಬ್ಬೆರಳನ್ನು. ಇದಕ್ಕೂ ಮೆಸೊಪೊಟೇಮಿಯಾದಲ್ಲಿ ಪೂರ್ವಜರಿದ್ದಾರೆ. ಬ್ಯಾಬಿಲೋನಿನ ಅರಸ ಹಮ್ಮುರಾಬಿಯ ಆಸುಪಾಸಿನ ಕಾಲದಲ್ಲಿ ಸ್ವಂತ ಮುದ್ರೆ ಇಲ್ಲದ ಬಡವರು ಕರಾರಿನ ಹಸಿ ಮಣ್ಣಿಗೆ ತಮ್ಮ ಉಗುರನ್ನು ಒತ್ತುತ್ತಿದ್ದರು, ಕೆಲವರು ಉಟ್ಟ ಬಟ್ಟೆಯ ಅಂಚನ್ನು ಒತ್ತುತ್ತಿದ್ದರು. ಕಲ್ಲು ಕೆತ್ತಿಸಲು ಗತಿಯಿಲ್ಲದವನಿಗೆ ಮೈಯೇ ಮುದ್ರೆ. ಆದರೆ ಆ ಉಗುರಿನ ಗುರುತು ಯಾರ ಉಗುರಿಗೂ ಹೊಂದಬಹುದಿತ್ತು. ಎದುರಿಗೆ ಕೂತ ಸಾಕ್ಷಿಗಳ ಹೆಸರು ಪಕ್ಕದಲ್ಲಿದ್ದದ್ದರಿಂದ ಅದಕ್ಕೆ ಬೆಲೆ. ಹೆಬ್ಬೆರಳನ್ನು ಕೇಳುವ ಯಂತ್ರಕ್ಕೆ ಸಾಕ್ಷಿಗಳು ಬೇಡ. ಶಹಾಬಾದದ ಗಣಿಯಲ್ಲಿ ಫರ್ಸಿ ಎತ್ತಿ ಇಳಿಸಿ ಬೆರಳ ಗೆರೆ ಸವೆದ ಹೆಣ್ಣುಮಗಳನ್ನು ಅಂಗಡಿಯವನು ಹುಟ್ಟಿದಾಗಿನಿಂದ ಬಲ್ಲ. ಸರದಿಯಲ್ಲಿ ನಿಂತವರೆಲ್ಲ ಬಲ್ಲರು. ಯಂತ್ರ ಬಲ್ಲೆ ಎನ್ನುವ ತನಕ ಅವರ ಬಲ್ಲಿಕೆಗೆ ಚಿಕ್ಕಾಸಿನ ಬೆಲೆಯಿಲ್ಲ. ‘ಎಕ್ಕಾ, ಸೊಲ್ಪ ಬೊಟ್ಟ ಒರಸಿ ಇಡು’ ಎನ್ನುತ್ತಾನೆ ಅವನು. ಆಕೆ ಸೆರಗಿಗೆ ಒರಸಿ ಮತ್ತೆ ಇಡುತ್ತಾಳೆ.

ಯಂತ್ರವನ್ನು ಬೈಯುವುದು ಸುಲಭ. ನಾನು ಅದರ ಪರವಾಗಿಯೂ ಒಂದು ಮಾತು ಹೇಳಬೇಕು. ಸತ್ತವರ ಹೆಸರಿನಲ್ಲಿ, ಇಲ್ಲದವರ ಹೆಸರಿನಲ್ಲಿ ಅಕ್ಕಿ ಹೋಗುತ್ತಿದ್ದದ್ದು ಸುಳ್ಳಲ್ಲ. ಚಿಂಚೋಳಿಯ ತಾಂಡಾದಿಂದ ಗುಳೆ ಹೋದ ಸಂಸಾರ ಅದೇ ಹೆಬ್ಬೆರಳಿನಿಂದ ಪುಣೆಯಲ್ಲಿ ಅಕ್ಕಿ ಪಡೆಯಬಹುದು. ಹಿಂದೆ ಊರು ಬಿಟ್ಟರೆ ಪಡಿಯೂ ಬಿಟ್ಟಂತೆ. ನನ್ನ ತಕರಾರು ಅನುಮಾನದ ಬಗ್ಗೆ ಅಲ್ಲ, ಅನುಮಾನ ಯಾರ ಮೇಲೆ ಕೂತಿದೆ ಎಂಬುದರ ಬಗ್ಗೆ. ಅರ್ಸ್ಲಾನ್‌ತೆಪೆಯಲ್ಲಿ ಎಣಿಸುತ್ತಿದ್ದದ್ದು ಉಗ್ರಾಣದವನು ಬಾಗಿಲು ತೆರೆದ ಸಲಗಳನ್ನು. ನಾವು ಪರೀಕ್ಷಿಸುತ್ತಿರುವುದು ಬಟ್ಟಲು ಹಿಡಿದು ಬಂದವರನ್ನು. ಕೈಗೆ ಬಿದ್ದ ಐದು ಕಿಲೋ ನಿಜವಾಗಿ ಐದು ಇತ್ತೇ ಎಂಬುದಕ್ಕೂ ಅದೇ ಹೆಬ್ಬೆರಳಿನ ಗುರುತೇ ರುಜು; ಒತ್ತಿದ್ದು ತೂಕಕ್ಕೆ ಮೊದಲೇ ಆಗಿದ್ದರೂ.

ಇನ್ನೊಂದು ಉಳಿದಿದೆ. ಮುದ್ರೆಯ ಈ ಉದ್ದದ ಚರಿತ್ರೆಯಲ್ಲಿ ದಾಖಲಾದದ್ದೆಲ್ಲ ತೆರೆದ ಬಾಗಿಲು, ಕೊಟ್ಟ ಕಾಳು, ದಾಟಿದ ಸರಕು. ಬಾಗಿಲ ತನಕ ಬಂದು ಬರಿಗೈಲಿ ಹೋದವನಿಗೆ ಉರುಕ್‌ನಲ್ಲಿ ಯಾವ ಚೂರೂ ಇಲ್ಲ. 2017ರ ಅಕ್ಟೋಬರಿನಲ್ಲಿ ಕೇಂದ್ರದ ಆಹಾರ ಇಲಾಖೆ ರಾಜ್ಯಗಳಿಗೆ ಸೂಚನೆ ಕಳಿಸಿತು: ಬೆರಳು ಹೊಂದಲಿಲ್ಲವೆಂದು ಯಾರಿಗೂ ಪಡಿತರ ನಿರಾಕರಿಸಬಾರದು, ಕಾರ್ಡು ನೋಡಿ ಕೊಡಬೇಕು, ಹಾಗೆ ಕೊಟ್ಟದ್ದನ್ನು ಬೇರೆ ಪುಸ್ತಕದಲ್ಲಿ ಬರೆದಿಡಬೇಕು. ಒಳ್ಳೆಯ ಸೂಚನೆ. ಆ ಪುಸ್ತಕದಲ್ಲೂ ಕೊಟ್ಟದ್ದಕ್ಕೆ ಕಾಲಂ ಇದೆ. ನಾಳೆ ಬಾ ಎಂದು ಕಳಿಸಿದವರ ಹೆಸರು ಬರೆಯಲು ಒಂದು ಕಾಲಂ ಹಾಕಿಸುವುದು ತಹಶೀಲ್ದಾರರ ಮಟ್ಟದಲ್ಲೇ ಆಗಬಹುದಾದ ಕೆಲಸ. ಅದರ ಕೆಳಗೆ ಅಂಗಡಿಯವನ ರುಜು ಇರಬೇಕು, ಬಂದವರದಲ್ಲ.